ಬೇವಿನ ಮರದ ಕೆಳಗೆ ಫ್ರಾನ್ಸ್

ಪೀಸಾದ ವಾಲುಗೋಪುರದ ನೆರಳಿನಲ್ಲಿ ನಿಂತು ಉಪ್ಪಿಟ್ಟು ತಿಂದವರು ಶ್ರೀನಿಧಿ ಕಾಲನಿಯಲ್ಲಿ ಒಬ್ಬರೇ ಇದ್ದರು. ಆ ವಿಷಯ ಗೊತ್ತಿಲ್ಲದವರು ಹೈದರಾಬಾದಿನ ಮೆಹದಿಪಟ್ಟಣಂ ಸುತ್ತಮುತ್ತ ಒಬ್ಬರೂ ಇರಲಿಲ್ಲ. ಯುರೋಪಿನಿಂದ ಮರಳಿದ ಗುರುರಾಜರಾಯರು ಕಾಲನಿಯ ಪ್ರತಿ ಮನೆಯವರನ್ನೂ ಸರದಿಯಂತೆ ಕರೆದು, ದೊಡ್ಡ ಟೀವಿಯ ಮೇಲೆ ಫೋಟೋ ತೋರಿಸಿ, ತಲೆಗೊಂದು ಚಾಕೊಲೇಟು ಕೊಟ್ಟು ಕಳಿಸುತ್ತಿದ್ದರು. ಚಾಕೊಲೇಟು ಸಣ್ಣದು, ಫೋಟೋ ಬಹಳ.

ಕಲ್ಯಾಣಪ್ಪನ ಮನೆಯ ಸರದಿ ಬಂದದ್ದು ಒಂದು ಗುರುವಾರ ಸಂಜೆ. ಕಲ್ಯಾಣಪ್ಪನದು ಉಸ್ಮಾನ್‌ಗಂಜಿನಲ್ಲಿ ತಾಡಪತ್ರಿ ಮತ್ತು ಹಗ್ಗದ ವ್ಯಾಪಾರ. ಸೇಡಂ ಕಡೆಯಿಂದ ಬಂದ ಅವನ ಅಪ್ಪ ಇಟ್ಟ ಅಂಗಡಿ. ಲಾರಿಯ ಹೊದಿಕೆಯಿಂದ ಮದುವೆಯ ಚಪ್ಪರದವರೆಗೆ ಈ ಶಹರದಲ್ಲಿ ಮಳೆಗೋ ಬಿಸಿಲಿಗೋ ಅಡ್ಡವಾಗಿ ಏನೇ ಕಟ್ಟಿದ್ದರೂ ಅದರ ಒಂದು ತುದಿ ಅವನ ಅಂಗಡಿಯದೇ. ಹಾಗಿದ್ದೂ ಅವನು ಒಂದು ದಿನವೂ ಬಟ್ಟೆಯ ಮಾಡಿನ ಕೆಳಗೆ ಮಲಗಿದವನಲ್ಲ. ಎಲೆ, ಅಡಿಕೆ, ಇಸ್ಪೀಟು ಯಾವ ಚಟವೂ ಇಲ್ಲದ ಅವನಿಗೆ ದೇವರು ಕುತೂಹಲವೆಂಬ ಒಂದನ್ನೇ ಕೊಟ್ಟಿದ್ದ. ಅದು ಮಿಕ್ಕ ಎಲ್ಲ ಚಟಗಳ ಕೆಲಸವನ್ನೂ ಮಾಡುತ್ತಿತ್ತು.

"ರಾಯರ, ಅಲ್ಲೀ ಬ್ರೆಡ್ಡು ಹೆಂಗಿರ್ತೈತ್ರಿ? ಒನಕಿ ಇದ್ದಂಗ ಉದ್ದ ಇರ್ತಾವಂತ," ಎಂದು ಅವನು ಕೇಳಿದ.

"ಬ್ರೆಡ್ ಯಾಕ ತಿನ್ನೋಣ? ಟೂರ್ ಕಂಪನಿಯವರು ನಮ್ಮ ಜೋಡಿ ಅಡಿಗಿಯವನ್ನ ಕರಕೊಂಡ ಬಂದಿದ್ರು. ಮುಂಜಾನೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಚಪಾತಿ. ಮನೀ ಊಟ ಇದ್ದಂಗ ಇತ್ತು ನೋಡ್ರಿ."

"ಮತ್ತ ಚೀಸು?"

"ದೂರಿಂದ ನೋಡಿದ್ವಿ."

"ಅಲ್ಲೀ ಮಂದಿ ಹೆಂಗ ಮಾತಾಡ್ತಾರ್ರಿ?"

"ಗೈಡ್ ಪುಣೇದಂವ. ಭಾಳ ಛಲೋ ಮಾತಾಡ್ತಿದ್ದ."

ಕಲ್ಯಾಣಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. "ಅಂದ್ರ ಅಷ್ಟು ದೂರ ಹೋಗಿ, ಪುಣೇದವನ ಜೋಡಿ ಮಾತಾಡಿ, ಉಪ್ಪಿಟ್ಟು ತಿಂದು ಬಂದ್ರಿ," ಎಂದ.

ಅವನ ದನಿಯಲ್ಲಿ ಕೊಂಕು ಇರಲಿಲ್ಲ, ಬರಿಯ ಆಶ್ಚರ್ಯವಿತ್ತು. ಆದರೆ ಆಶ್ಚರ್ಯ ಮತ್ತು ಕೊಂಕು ಒಂದೇ ಅಂಗಿ ತೊಟ್ಟು ಓಡಾಡುತ್ತವೆ. ರಾಯರು ಟೀವಿಯ ರಿಮೋಟನ್ನು ಕೆಳಗಿಟ್ಟರು. "ಹಂಗಾರ ನೀವು ಹೋದ್ರ ಹ್ಯಾಂಗ ಹೋಗ್ತೀರಿ? ಹೇಳ್ರಿ, ಕೇಳೋಣ."

ನಮಗೆಲ್ಲಿ ಆ ಯೋಗ ರಾಯರೇ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಲ್ಯಾಣಪ್ಪ ಕೆಲವು ವಾರಗಳಿಂದ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಒಂದು ಬಿಳಿಯರ ಕುಟುಂಬವನ್ನು ನೋಡುತ್ತಿದ್ದ. ಗಂಡ, ಹೆಂಡತಿ, ಮಕ್ಕಳು, ಒಂದು ನಾಯಿ. ಬೇಸಿಗೆ ಬಂದರೆ ಕಾರಿನಲ್ಲಿ ಡೇರೆ ಹೇರಿಕೊಂಡು ಫ್ರಾನ್ಸು, ಇಟಲಿ ಸುತ್ತುತ್ತಿದ್ದರು. ಹೊಳೆಯ ದಂಡೆಗೆ ಡೇರೆ ಹೊಡೆದು, ಸಂತೆಯಿಂದ ಟೊಮೆಟೊ, ಬ್ರೆಡ್ಡು, ಚೀಸು ತಂದು ಡೇರೆಯ ಮುಂದೆ ಕೂತು ತಿನ್ನುತ್ತಿದ್ದರು. ಮೊದಲು ಅವನು ನೋಡಿದ್ದು ಹಗ್ಗದ ಗಂಟು ಹೇಗೆ ಹಾಕುತ್ತಾರೆಂದು. ಆಮೇಲೆ ತಟ್ಟೆಯಲ್ಲಿ ಏನಿದೆಯೆಂದು.

"ನಾವು ಡೇರೆ ಒಯ್ತೀವ್ರಿ," ಎಂದುಬಿಟ್ಟ. "ಮುಂದಿನ ಬ್ಯಾಸಗಿಗೆ. ಫ್ರಾನ್ಸು, ಇಟಲಿ ಎರಡೂ. ಹೊಲದಾಗ ಡೇರೆ ಹೊಡೀತೀವಿ. ಅವರು ಏನು ತಿಂತಾರೋ ಅದನ್ನಾ ತಿಂತೀವಿ."

ಪಕ್ಕದಲ್ಲಿ ಚಾಕೊಲೇಟು ಚೀಪುತ್ತಿದ್ದ ಅವನ ಹೆಂಡತಿ ಸೂಗಮ್ಮ ಚೀಪುವುದನ್ನು ನಿಲ್ಲಿಸಿದಳು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವಳು ವಿಚಾರಣೆ ಶುರುಮಾಡಿದಳು.

"ಡೇರ್ಯಾಗ ಮಲಗಾಕ ಫ್ರಾನ್ಸಿಗೆ ಯಾಕ ಹೋಗ್ಬೇಕ್ರಿ? ನಮ್ಮ ತವರೂರಿಗೆ ಕಬ್ಬು ಕಡಿಯಾಕ ಬರ್ತಾರ, ಅವರೂ ಡೇರ್ಯಾಗ ಇರ್ತಾರ. ಅವರಿಗೆ ಯಾರೂ ವೀಸಾ ಕೇಳಂಗಿಲ್ಲ."

"ಅದು ಬ್ಯಾರೆ, ಇದು ಬ್ಯಾರೆ. ಅಲ್ಲಿ ಮನಿ ಇದ್ದವರು ಸೂಟಿ ಬಂತಂದ್ರ ಮನಿ ಬಿಟ್ಟು ಡೇರ್ಯಾಗ ಇರ್ತಾರ."

"ಮನಿ ಇದ್ದೂ?"

"ಮನಿ ಇದ್ದೂ."

"ಯಾಕ?"

ಅದು ಕಲ್ಯಾಣಪ್ಪನಿಗೂ ಗೊತ್ತಿರಲಿಲ್ಲ. "ಅದನ್ನ ನೋಡಾಕಾ ಹೋಗೂದು," ಎಂದ.

ಮಗಳು ಪಿಂಕಿ ಮೊಬೈಲು ತಂದು ತಾಯಿಗೆ ಆ ಕುಟುಂಬವನ್ನು ತೋರಿಸಿದಳು. ಪಿಂಕಿ ಈ ಪ್ರವಾಸದ ಪರವಾಗಿದ್ದಳು. ಇಂಟರಿನಲ್ಲಿ, ಅಂದರೆ ಪಿಯುಸಿಯಲ್ಲಿ, ಮಾರ್ಕು ಧಾರಾಳವಾಗಿ ಬೀಳುತ್ತವೆಂದು ಅವಳು ಎರಡನೆಯ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದಳು. ಇಲ್ಲಿಯವರೆಗೆ ಬಾಯಿಪಾಠವಾಗಿದ್ದು ಮ್ಯೂಸಿಯಂ ಆಸ್ಪತ್ರೆಯ ಎಡಕ್ಕಿದೆ ಎಂಬ ಒಂದು ವಾಕ್ಯ, ಮತ್ತು ಹೋಟೆಲಿನಲ್ಲಿ ತಿಂಡಿ ಕೇಳುವ ಒಂದು ಪಾಠ.

ಸೂಗಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. "ಹೆಂಡತಿ ತುದಿಗಾಲಿಲೆ ಕುಂತು ಒಲಿ ಮುಂದ ಬೇಯಿಸಾಕತ್ತಾಳ. ಗಂಡ ಕುರ್ಚಿ ಮ್ಯಾಗ ಕುಂತು ಹೊಳಿ ನೋಡಾಕತ್ತಾನ. ಮನ್ಯಾಗ ನಾ ನಿಂತಾರ ಬೇಯಿಸ್ತೀನಿ. ಕುಂತು ಬೇಯಿಸಾಕ ವಿಮಾನ ಹತ್ತಬೇಕಾ?"

ಉತ್ತರವಿಲ್ಲದ ಪ್ರಶ್ನೆಗಳು ಕಲ್ಯಾಣಪ್ಪನಿಗೆ ಕೇಳಿಸುತ್ತಿರಲಿಲ್ಲ. ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಬೇಸಿಗೆಯ ತಿಂಗಳುಗಳನ್ನು ನೋಡತೊಡಗಿದ. ಆಗ ಸೂಗಮ್ಮ ತೀರ್ಪು ಕೊಟ್ಟಳು.

"ಒಂದು ಕೆಲಸಾ ಮಾಡ್ರಿ. ಈ ಶನಿವಾರ ಮುಂಜಾನಿಂದ ಸೋಮವಾರ ಮುಂಜಾನಿ ತನಕ ಇಲ್ಲೇ ಎದುರಿಗಿನ ಪಾರ್ಕಿನಾಗ ಡೇರೆ ಹೊಡದು ಇರ್ರಿ. ಅವರು ತಿನ್ನೂದಾ ತಿನ್ನಬೇಕು. ಮನೀ ಹೊಸ್ತಿಲ ದಾಟಂಗಿಲ್ಲ, ರೊಟ್ಟಿ ಮುಟ್ಟಂಗಿಲ್ಲ. ಗೆದ್ರಿ ಅಂದ್ರ ನಾನೂ ಪಿಂಕಿ ಬರ್ತೀವಿ. ಸೋತ್ರಿ ಅಂದ್ರ ರಾಯರು ಹೋದ ಉಪ್ಪಿಟ್ಟಿನ ಬಸ್ಸಿಗೇ ಹೆಸರು ಹಚ್ಚೂದು."

ಉಪ್ಪಿಟ್ಟಿನ ಬಸ್ಸು ಎಂಬ ಮಾತು ಕೇಳಿ ಕಲ್ಯಾಣಪ್ಪ ಕ್ಯಾಲೆಂಡರಿನಿಂದ ತಟ್ಟನೆ ತಿರುಗಿದ. ಚೀಸನ್ನು ದೂರದಿಂದ ನೋಡಿ ಬರುವ ಬದುಕು ತನ್ನದಾಗಬಾರದು. "ಆಯ್ತು," ಎಂದ.

ತಾಡಪತ್ರಿ ವ್ಯಾಪಾರಿ ಬೇರೆಯವರ ಡೇರೆ ಕೊಳ್ಳುವುದು ಕುಂಬಾರ ಸಂತೆಯಲ್ಲಿ ಗಡಿಗೆ ಕೊಂಡಂತೆ. ಆದ್ದರಿಂದ ಕಲ್ಯಾಣಪ್ಪ ತನ್ನ ಅಂಗಡಿಯಲ್ಲೇ ಹೊಲಿಸಿದ. ಬಟ್ಟೆಯ ಬಣ್ಣದ ಬಗ್ಗೆ ಬಹಳ ಯೋಚಿಸಬೇಕಾಯಿತು. ತೆಲಂಗಾಣದಲ್ಲಿ ಗುಲಾಬಿ ಕಟ್ಟಿದರೆ ಒಂದು ಪಕ್ಷ, ಕೇಸರಿ ಕಟ್ಟಿದರೆ ಇನ್ನೊಂದು, ಹಸಿರು ಕಟ್ಟಿದರೆ ಮತ್ತೊಂದು. ಯಾರ ಗೊಡವೆಯೂ ಬೇಡವೆಂದು ಅಚ್ಚ ಬಿಳಿ ಆರಿಸಿದ. ಗಾಳಿಯಾಡಲೆಂದು ಮುಂದಿನ ಮಗ್ಗುಲನ್ನು ಪೂರ್ತಿ ತೆರೆದಿಟ್ಟ. ನೆಲ ತಣ್ಣಗಿರುತ್ತದೆಂದು ಅಂಗಡಿಯಲ್ಲಿ ತಾನು ಕೂರುವ ಬಿಳಿ ಗಾದಿಯನ್ನೂ ಒರಗುವ ಲೋಡನ್ನೂ ತಂದ. ಹೀಗೆ ಒಂದೊಂದನ್ನೂ ಸರಿಯಾಗಿ ಮಾಡುತ್ತ ಹೋಗಿ ಒಟ್ಟು ಏನಾಗಿದೆಯೆಂದು ಅವನು ನಿಂತು ನೋಡಲಿಲ್ಲ.

ಹೈದರಾಬಾದಿನಲ್ಲಿ ಒಬ್ಬ ನಡುವಯಸ್ಸಿನ ಗೃಹಸ್ಥ ಹೆಂಡತಿ ಮಕ್ಕಳನ್ನು ಬಿಟ್ಟು, ಬಿಳಿ ಬಟ್ಟೆಯ ಕೆಳಗೆ, ಬಿಳಿ ಗಾದಿಯ ಮೇಲೆ, ಲೋಡಿಗೆ ಒರಗಿ, ರಸ್ತೆಗೆ ಮುಖಮಾಡಿ ಕೂತರೆ ಅದಕ್ಕೆ ಒಂದೇ ಅರ್ಥ. ಅವನು ನಿರಾಹಾರ ದೀಕ್ಷೆಗೆ, ಅಂದರೆ ಉಪವಾಸ ಸತ್ಯಾಗ್ರಹಕ್ಕೆ, ಕೂತಿದ್ದಾನೆ. ಈ ಊರಿನಲ್ಲಿ ರಾಜ್ಯಕ್ಕಾಗಿ ಕೂತವರಿದ್ದಾರೆ, ನೀರಿಗಾಗಿ, ಸಂಬಳಕ್ಕಾಗಿ ಕೂತವರಿದ್ದಾರೆ. ಗಾಳಿಗಾಗಿ ಕೂತವರನ್ನು ಯಾರೂ ಕಂಡಿಲ್ಲ.

ಸ್ಥಳವೂ ಅಂಥದೇ ಸಿಕ್ಕಿತು. ಪಾರ್ಕಿನಲ್ಲಿ ನೆರಳಿದ್ದದ್ದು ಒಂದು ಬೇವಿನ ಮರದ ಕೆಳಗೆ. ಅದರ ಮಗ್ಗುಲಿಗೇ ಒಂದು ಗುಡ್ಡವಿತ್ತು: ಒಡೆದ ಕಸದ ಡಬ್ಬಿಗಳು, ಗಾಲಿ ಕಳಚಿದ ತಳ್ಳುಗಾಡಿಗಳು, ತುಕ್ಕು ಹಿಡಿದ ತಗಡು. ವಾರ್ಡಿನ ಆಫೀಸಿನವರು ಅದನ್ನು ಅಲ್ಲಿ ತಾತ್ಕಾಲಿಕವಾಗಿ ಇಟ್ಟಿದ್ದರು. ಇಟ್ಟಾಗ ಪಿಂಕಿ ಎಲ್‌ಕೆಜಿಯಲ್ಲಿದ್ದಳು.

ಶನಿವಾರ ಬೆಳಿಗ್ಗೆ ಕಲ್ಯಾಣಪ್ಪ ಗೂಟ ಹೊಡೆದು, ಹಗ್ಗ ಬಿಗಿದು, ಒಳಗೆ ಕೂತು ಫ್ರಾನ್ಸಿನ ಬುತ್ತಿ ಬಿಚ್ಚಿದ. ಅಬಿಡ್ಸಿನ ಒಂದು ಹಳೆಯ ಬೇಕರಿಯಿಂದ ಹೇಳಿ ಮಾಡಿಸಿ ತಂದ ಉದ್ದನೆಯ ಬ್ರೆಡ್ಡು, ಸೂಪರ್ ಮಾರ್ಕೆಟ್ಟಿನಿಂದ ತಂದ ಚೀಸು, ಒಂದು ಸೀಸೆ ಆಲಿವ್ ಕಾಯಿ. ಬೇಲಿಯಾಚೆ ಸೂಗಮ್ಮ ತೀರ್ಪುಗಾರ್ತಿಯಾಗಿ ನಿಂತಿದ್ದಳು.

ಮೊದಲು ಆಲಿವ್ ಬಾಯಿಗೆ ಹಾಕಿ ಅವನು ಕಣ್ಣು ಮುಚ್ಚಿದ.

"ಹೆಂಗೈತ್ರಿ?"

"ಕವಳಿಕಾಯಿ ಉಪ್ಪು ನೀರಾಗ ಹಾಕಿ ಮರತು ಬಿಟ್ಟಂಗ."

ಆಮೇಲೆ ಚೀಸಿನ ಕಾಗದ ಬಿಚ್ಚಿದ. ಅದರ ಮೈಯಲ್ಲಿ ನೀಲಿ ಹಸಿರು ನರಗಳಿದ್ದವು.

"ಬೂಷ್ಟು ಬಂದೈತಿ," ಎಂದಳು ಸೂಗಮ್ಮ.

"ಅದು ಹಂಗಾ ಇರ್ತೈತಿ. ಅದಕ್ಕಾ ತುಟ್ಟಿ."

"ನಮ್ಮ ಫ್ರಿಜ್ಜಿನಾಗ ಹಿಂಗಾದ್ರ ನನಗ ಬೈತೀರಿ."

ಕಲ್ಯಾಣಪ್ಪ ಒಂದು ಚೂರು ನಾಲಿಗೆಯ ಮೇಲಿಟ್ಟ. ಅವನಿಗೆ ಗುರುತಿನ ವಾಸನೆಯೇ ಬಂತು. ಒದ್ದೆ ತಾಡಪತ್ರಿಯನ್ನು ಮಡಚಿ, ಗೋದಾಮಿನ ಮೂಲೆಯಲ್ಲಿ ಮಳೆಗಾಲವಿಡೀ ಮರೆತು, ದಸರೆಗೆ ಬಿಚ್ಚಿದಾಗ ಬರುವ ವಾಸನೆ. ಆದರೂ ಅವನಿಗೆ ಬೇಸರವಾಗಲಿಲ್ಲ. ಒಂದು ದೇಶದ ಜನ ಇದನ್ನು ಇಷ್ಟಪಟ್ಟು ತಿನ್ನುತ್ತಾರೆಂದರೆ ಅವರಿಗೆ ಗೊತ್ತಿರುವ ಏನೋ ಒಂದು ತನಗೆ ಗೊತ್ತಿಲ್ಲ. ಅದೇನೆಂದು ತಿಳಿಯಲು ಇನ್ನೊಂದು ಚೂರು ತಿಂದ. ತಿಳಿಯಲಿಲ್ಲ. ಪಾರ್ಕಿನ ನಾಯಿಗೂ ಒಂದು ತುಂಡು ಹಾಕಿದ. ನಾಯಿ ಮೂಸಿ, ಅವನ ಮುಖ ನೋಡಿ, ದೂರ ಹೋಗಿ ಕೂತಿತು.

ಆ ಹೊತ್ತಿಗೆ ಸರಿಯಾಗಿ ಕಾಲನಿ ಸಂಘದ ಕಾರ್ಯದರ್ಶಿ ಸೂರ್ಯನಾರಾಯಣ ಬೆಳಗಿನ ವಾಕಿಂಗ್ ಮುಗಿಸಿ ಬಂದರು. ಪಾರ್ಕಿನ ಗುಡ್ಡದ ಬಗ್ಗೆ ಅರ್ಜಿ ಕೊಡುತ್ತ ಕೊಡುತ್ತ ಅವರ ತಲೆಗೂದಲು ನರೆತಿತ್ತು. ಡೇರೆಯನ್ನು ನೋಡಿದರು, ಗಾದಿಯನ್ನು ನೋಡಿದರು, ಪಕ್ಕದ ಗುಡ್ಡವನ್ನು ನೋಡಿದರು. ಅವರ ಕಣ್ಣು ಒದ್ದೆಯಾಯಿತು. ಚಪ್ಪಲಿ ಬಿಟ್ಟು ಕೈಮುಗಿದರು.

"ಅಣ್ಣಾ, ಮಾಕು ಒಕ್ಕ ಮಾಟೈನಾ ಚೆಪ್ಪಲೇದು," ಎಂದರು. ನಮಗೊಂದು ಮಾತು ಸಹ ಹೇಳಲಿಲ್ಲವಲ್ಲ ಎಂದು.

ಕಲ್ಯಾಣಪ್ಪ ತನಗೆ ತಿಳಿದ ತೆಲುಗಿನಲ್ಲಿ ಸಮಜಾಯಿಷಿ ಕೊಟ್ಟ. "ಅಲಾಂಟಿದಿ ಏಮೀ ಲೇದು ಸೂರ್ಯನಾರಾಯಣಗಾರು. ಇದಿ ಫ್ರಾನ್ಸ್ ಕೋಸಂ." ಹಾಗೇನೂ ಇಲ್ಲ, ಇದು ಫ್ರಾನ್ಸಿಗಾಗಿ.

ಸೂರ್ಯನಾರಾಯಣ ನಿಧಾನವಾಗಿ ಗುಡ್ಡದ ಕಡೆ ತಿರುಗಿದರು. ಹೌದಲ್ಲ, ತೆರಿಗೆ ನಾವೂ ಕಟ್ಟುತ್ತೇವೆ, ಫ್ರಾನ್ಸಿನವರೂ ಕಟ್ಟುತ್ತಾರೆ. ಅವರ ಪಾರ್ಕಿನಲ್ಲಿ ಇಂಥದನ್ನು ಯಾರಾದರೂ ಇಡುತ್ತಾರೆಯೇ? ಇಷ್ಟು ವರ್ಷ ಅರ್ಜಿಗಳಲ್ಲಿ ತಾನು ಹೇಳಲಾಗದ್ದನ್ನು ಈ ಹಗ್ಗದ ವ್ಯಾಪಾರಿ ಒಂದೇ ಮಾತಿನಲ್ಲಿ ಹೇಳಿಬಿಟ್ಟ.

ಸ್ವಲ್ಪ ಹೊತ್ತಿನಲ್ಲೇ ಡೇರೆಯ ಮೇಲೆ ಒಂದು ಬ್ಯಾನರು ಏರಿತು. 'ನಮ್ಮ ಪಾರ್ಕು ಫ್ರಾನ್ಸಾಗುವುದು ಯಾವಾಗ?' ಎಂದು ತೆಲುಗಿನಲ್ಲಿ ಬರೆದಿತ್ತು. ಕಲ್ಯಾಣಪ್ಪನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು, ಹೆಗಲಿಗೆ ಶಾಲು ಬಂತು. ಅವನು ಬಂದವರಿಗೆಲ್ಲ ನಿಜವನ್ನೇ ಹೇಳಿದ: ನಾನು ಉಪವಾಸ ಕೂತಿಲ್ಲ, ಬೇಸಿಗೆಗೆ ಹೋಗಲಿಕ್ಕೆ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಎಂಥ ವಿನಯ ಎಂದು ಜನ ತಲೆದೂಗಿದರು. ನಾನು ಉಪವಾಸ ಕೂತಿದ್ದೇನೆಂದು ಹೇಳಿಕೊಳ್ಳುವವರನ್ನೇ ಕಂಡಿದ್ದ ಊರು ಅದು. ನಿಜ ಹೇಳಬೇಕೆಂದರೆ, ಶಾಲು ಹೆಗಲಿಗೇರಿದ ಮೇಲೆ ಕಲ್ಯಾಣಪ್ಪನ ನಿರಾಕರಣೆಯೂ ಸ್ವಲ್ಪ ಮೆತ್ತಗಾಯಿತು. ಮೂವತ್ತು ವರ್ಷ ಇದೇ ಕಾಲನಿಯಲ್ಲಿದ್ದರೂ ಅವನ ಮಾತನ್ನು ಯಾರೂ ಇಷ್ಟು ಲಕ್ಷ್ಯಗೊಟ್ಟು ಕೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬ್ರೆಡ್ಡು ಗೂಟ ಹೊಡೆಯುವಷ್ಟು ಗಟ್ಟಿಯಾಗಿತ್ತು. ಚೀಸು ಬಿಸಿಲಿಗೆ ಕರಗಿ ಕಾಗದದ ತುಂಬ ಹರಿದಿತ್ತು. ಎಲ್ಲರೂ ಕೈಮುಗಿದು ನೋಡುತ್ತಿರುವಾಗ ಆಲಿವ್ ಜಗಿಯುವುದು ಚೆನ್ನಾಗಿರುವುದಿಲ್ಲವೆಂದು ಅವನು ಸೀಸೆಯನ್ನು ಲೋಡಿನ ಹಿಂದೆ ಇಟ್ಟ. ಹೀಗೆ ಊರು ನಂಬಿದ ಸುಳ್ಳು ಯಾರ ಪ್ರಯತ್ನವೂ ಇಲ್ಲದೆ ನಿಜವಾಯಿತು.

ಇತ್ತ ಸೂಗಮ್ಮನ ಮನೆಯಲ್ಲಿ ಬೇರೆಯೇ ನಡೆಯುತ್ತಿತ್ತು. ಗಂಡ ದೀಕ್ಷೆಗೆ ಕೂತ ಮನೆಯಲ್ಲಿ ಹೆಂಗಸು ಒಲೆ ಹಚ್ಚುವುದುಂಟೇ? ಕಾಲನಿಯ ಹೆಂಗಸರು ಹಚ್ಚಲು ಬಿಡಲಿಲ್ಲ. ಸೂರ್ಯನಾರಾಯಣರ ಹೆಂಡತಿ ಶೋಭಾ ಪುಳಿಹೊರ ಎಂಬ ಹುಳಿಯನ್ನ ತಂದಳು. ಹಿಂದಿನ ಬೀದಿಯ ಗದಿಗೆಮ್ಮ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಪಲ್ಯ ಕಟ್ಟಿಕೊಂಡು ಬಂದಳು. ಎದುರುಮನೆಯ ನಸೀಮ್ ಬೇಗಂ ಕೆನೆ ಸುರಿದ ಖುಬಾನಿ ಕಾ ಮೀಠಾ ಎಂಬ ಸಿಹಿ ಕಳಿಸಿದಳು. ಜೊತೆಗೆ, ಹೌಸಲಾ ರಖೋ ಎಂಬ ಧೈರ್ಯದ ಮಾತನ್ನೂ. ಮದುವೆಯಾದಾಗಿನಿಂದ ಒಂದು ದಿನ ಬಿಡದೆ ಒಲೆಯ ಮುಂದೆ ನಿಂತ ಸೂಗಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟು ಧೈರ್ಯ ತಂದುಕೊಳ್ಳತೊಡಗಿದಳು. ಡೇರೆಯಿಂದ ಬಾಲ್ಕನಿ ಚೆನ್ನಾಗಿ ಕಾಣುತ್ತಿತ್ತು.

ಸಂಜೆ ಪಿಂಕಿ ಬಂದು ತಂದೆಯ ಕಿವಿಯಲ್ಲಿ ಕೇಳಿದಳು. "ಪಪ್ಪಾ, ಹಸಿವಾಗೇತೇನು?"

"ನಿಮ್ಮ ಮಮ್ಮಿ ಏನು ತಿನ್ನಾಕತ್ತಾಳ?"

"ಎಣ್ಣೆಗಾಯಿ."

"ಹೇಳಬ್ಯಾಡ ಬಿಡು," ಎಂದ ಕಲ್ಯಾಣಪ್ಪ.

ಆಗಲೇ ಗುರುರಾಜರಾಯರು ಬಂದದ್ದು, ಜೊತೆಗೆ ಅವರ ತಾಯಿ ಯಮುನಾಬಾಯಿ. ರಾಯರು ಬ್ಯಾನರು ಓದಿದರು. ಇಡೀ ಕಾಲನಿಯಲ್ಲಿ ನಿಜ ಊಹಿಸಬಲ್ಲವರು ಅವರೊಬ್ಬರೇ. ಊಹಿಸಿಯೂ ಬಿಟ್ಟರು.

"ಇದು ದೀಕ್ಷಾ ಅಲ್ಲ, ಸುಡಗಾಡೂ ಅಲ್ಲ," ಎಂದು ನೆರೆದವರ ಕಡೆ ತಿರುಗಿದರು. "ಈ ಮನುಷ್ಯಾ ಯುರೋಪಿಗೆ ಹೋಗಿ ಡೇರ್ಯಾಗ ಇರಬೇಕಂತ ಪ್ರಾಕ್ಟೀಸ್ ಮಾಡ್ಲಿಕ್ಹತ್ತಾನ. ನನ್ನ ಮುಂದನ ಹೇಳ್ಯಾನ. ಕೇಳ್ರಿ ಬೇಕಾದ್ರ."

"ಹೌದು ನೋಡ್ರಿ, ಖರೇ," ಎಂದ ಕಲ್ಯಾಣಪ್ಪ.

ಯಾರೂ ನಂಬಲಿಲ್ಲ. ಮನೆಯಿದ್ದವನು ಸುಖಕ್ಕಾಗಿ ಡೇರೆಯಲ್ಲಿ ಮಲಗುತ್ತಾನೆಂಬ ಮಾತನ್ನು ನಂಬಲು ಅಲ್ಲಿ ಯಾರೂ ಹುಚ್ಚರಿರಲಿಲ್ಲ. ರಾಯರು ಮೊದಲೇ ರಿಟೈರಾದ ಸರ್ಕಾರಿ ಅಧಿಕಾರಿ. ಆಫೀಸಿನವರ ಕಡೆ ಮಾತಾಡದೆ ಇನ್ನೇನು ಮಾಡುತ್ತಾರೆ ಎಂದು ಹಿಂದಿನಿಂದ ಯಾರೋ ಅಂದರು. ಕಲ್ಯಾಣಪ್ಪ ಪಾಪ ಅವರನ್ನೂ ಎದುರು ಹಾಕಿಕೊಳ್ಳದೆ ಹೌದೆನ್ನುತ್ತಾನೆ, ನೋಡಿ ಎಂದು ಇನ್ನೊಬ್ಬರು ಅಂದರು.

ಯಮುನಾಬಾಯಿ ಗಾದಿಯ ಹತ್ತಿರ ಬಂದು ಕಲ್ಯಾಣಪ್ಪನ ಬಾಡಿದ ಮುಖ ನೋಡಿದರು. ಉಪವಾಸದ ವಿಷಯದಲ್ಲಿ ಅವರನ್ನು ಮೋಸಮಾಡುವುದು ಸಾಧ್ಯವಿರಲಿಲ್ಲ. ಎಪ್ಪತ್ತು ವರ್ಷ ಏಕಾದಶಿ ಮಾಡಿದವರು. "ಗುರೂ, ಬಾಯಿ ಮುಚ್ಚು," ಎಂದರು ಮಗನಿಗೆ. "ಇಂವನ ಹೊಟ್ಯಾಗ ಮುಂಜಾನಿಂದ ಏನೂ ಇಲ್ಲ. ನಿನಗ ಏಕಾದಶಿಗೂ ಎರಡು ಸಲ ಫಲಾಹಾರ ಬೇಕು. ಕೂತವರನ್ನ ಅನ್ನಬ್ಯಾಡ."

ಹೀಗೆ ಕಾಲನಿಯಲ್ಲಿ ನಿಜ ಹೇಳಿದ ಇಬ್ಬರಲ್ಲಿ ಒಬ್ಬ ತ್ಯಾಗಿಯಾದ, ಇನ್ನೊಬ್ಬರು ಸರ್ಕಾರದ ಏಜೆಂಟರಾದರು.

ಆ ರಾತ್ರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಫ್ರಾನ್ಸಿನಲ್ಲಿ ಸೊಳ್ಳೆ ಇವೆಯೇ ಎಂದು ಕಲ್ಯಾಣಪ್ಪ ಬಹಳ ಹೊತ್ತು ಯೋಚಿಸಿದ, ಅಷ್ಟೇ.

ಭಾನುವಾರ ಸೂರ್ಯನಾರಾಯಣ ಕಳಿಸಿದ ವೀಡಿಯೋ ಕಾಲನಿಗಳ ಗ್ರೂಪುಗಳಲ್ಲಿ ಹಾಯ್ದು ಯಾರ ಯಾರದೋ ಮೊಬೈಲಿಗೆ ಹೋಗಿ, ಅಲ್ಲಿಂದ ಯಾರೋ ಯಾರಿಗೋ ಫೋನು ಮಾಡಿ, ಕೊನೆಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ವಾರ್ಡಿನ ಇಂಜಿನಿಯರನ್ನು ಎಬ್ಬಿಸಿತು. ಭಾನುವಾರ ಎಬ್ಬಿಸಲ್ಪಟ್ಟ ಇಂಜಿನಿಯರು ಸಂಧಾನಕ್ಕೆ ಯಾವಾಗಲೂ ಸಿದ್ಧ. ಅವರು ಜೀಪಿನಿಂದ ಇಳಿಯುವಾಗಲೇ ಕೈಯಲ್ಲಿ ನಿಂಬೆ ಶರಬತ್ತಿನ ಗ್ಲಾಸಿತ್ತು. ದೀಕ್ಷೆ ಬಿಡಿಸುವುದು ಶರಬತ್ತಿನಿಂದಲೇ. ಅದಿಲ್ಲದೆ ಬಿಟ್ಟರೆ ಬಿಟ್ಟಂತಲ್ಲ.

"ಕಸ ಹತ್ತು ದಿನದಲ್ಲಿ ತೆಗೆಸುತ್ತೇವೆ. ನನ್ನ ಮಾತು," ಎಂದು ತೆಲುಗಿನಲ್ಲಿ ಹೇಳಿ, ಗ್ಲಾಸನ್ನು ಕಲ್ಯಾಣಪ್ಪನ ತುಟಿಯ ಹತ್ತಿರ ಹಿಡಿದು, ಜೊತೆಗೆ ಬಂದಿದ್ದ ಫೋಟೋದವನ ಕಡೆ ಮುಖ ತಿರುಗಿಸಿ ನಿಂತರು.

ನಿಂಬೆಯ ವಾಸನೆ ಕಲ್ಯಾಣಪ್ಪನ ಮೂಗಿಗೆ ಬಡಿಯಿತು. ಕುಡಿದರೆ ಸೋತಂತೆ. ಮೆಹದಿಪಟ್ಟಣಂ ಶರಬತ್ತನ್ನು ಯಾವ ನ್ಯಾಯದಿಂದಲೂ ಫ್ರಾನ್ಸಿನ ಆಹಾರವೆನ್ನಲಾಗದು. ಕುಡಿಯದಿದ್ದರೆ ಪೊಲೀಸರು ಬಂದು ಎತ್ತಿ ಆಸ್ಪತ್ರೆಗೆ ಒಯ್ಯುತ್ತಾರೆ. ಹೊಸ್ತಿಲ ಮಾತು ಹಾಗಿರಲಿ, ಡೇರೆಯೇ ಹೋಗುತ್ತದೆ. ಅವನು ದಿಕ್ಕುಗಾಣದೆ ಗುಂಪಿನಲ್ಲಿದ್ದ ಸೂಗಮ್ಮನ ಮುಖ ನೋಡಿದ.

ಜನರಿಗೆ ಅದು ಬೇರೆ ರೀತಿಯಲ್ಲಿ ಅರ್ಥವಾಯಿತು. ಹೆಂಡತಿ ಹೂಂ ಅನ್ನದೆ ಈತ ದೀಕ್ಷೆ ಬಿಡುವವನಲ್ಲ ಎಂದು ಹೆಂಗಸರ ಕಡೆಯಲ್ಲಿ ಒಂದು ಮೆಚ್ಚುಗೆಯ ಗುಜುಗುಜು ಎದ್ದಿತು. ಇಂಜಿನಿಯರು ಸೂಗಮ್ಮನ ಕಡೆ ತಿರುಗಿ, "ಅಮ್ಮಾ, ಮೀರೈನಾ ಚೆಪ್ಪಂಡಿ," ಎಂದರು. ನೀವಾದರೂ ಹೇಳಿ ಎಂದು.

ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ ಸೂಗಮ್ಮನಿಗೆ ಯಾವ ಅಧಿಕಾರಿ ಇದುವರೆಗೆ ನೀವಾದರೂ ಹೇಳಿ ಎಂದಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು. ಗುಡ್ಡವನ್ನು ನೋಡಿದಳು. ಬಾಲ್ಕನಿಯನ್ನು ನೋಡಿದಳು. ಬಾಲ್ಕನಿಯಲ್ಲಿ ನಸೀಮ್ ಬೇಗಂ ಕಳಿಸಿದ ಇನ್ನೊಂದು ಮುಚ್ಚಿದ ಬಟ್ಟಲು ಕಾಯುತ್ತಿತ್ತು.

"ಹತ್ತು ದಿನಾ ಅಂತ ಹೇಳಿದ್ರ ಇವರು ಹತ್ತು ದಿನಾ ಕೂಡ್ತಾರ," ಎಂದಳು. "ಈಗ ಲಾರಿ ತರಸ್ರಿ. ಗುಡ್ಡ ಹೋಗಲಿ. ಆಮ್ಯಾಗ ಕುಡೀಲಿ."

ಶೋಭಾ ತೆಲುಗಿಗೆ ತಿರುಗಿಸಿ ಹೇಳಿದಳು. ಚಪ್ಪಾಳೆ ಬಿದ್ದಿತು.

"ಸೂಗವ್ವಾ," ಎಂದ ಕಲ್ಯಾಣಪ್ಪ ಕ್ಷೀಣ ದನಿಯಲ್ಲಿ, "ಒಂದಿಷ್ಟು ವಿಚಾರ ಮಾಡು."

"ಮಾಡೇ ಹೇಳೀನ್ರಿ. ಸುಮ್ಮ ಕೂಡ್ರಿ."

ಇಂಜಿನಿಯರು ಬದಿಗೆ ಹೋಗಿ ಫೋನಿನಲ್ಲಿ ಬೈದರು, ಬೇಡಿದರು, ಮತ್ತೆ ಬೈದರು. ಇಳಿಬಿಸಿಲಿನ ಹೊತ್ತಿಗೆ ಲಾರಿ ಬಂತು. ಇಷ್ಟು ವರ್ಷ ಅಲುಗಾಡದ ಗುಡ್ಡ ಕಾಲನಿಯವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೊರಟುಹೋಯಿತು. ಅದರ ತಳದಲ್ಲಿ ಯಾರಿಗೂ ನೆನಪಿಲ್ಲದ ಒಂದು ಸಿಮೆಂಟಿನ ಬೆಂಚು ಸಿಕ್ಕಿತು. ಯಮುನಾಬಾಯಿ ಹೋಗಿ ಅದರ ಮೇಲೆ ಕೂತುಬಿಟ್ಟರು. ಮನೆಗೆ ಹೋಗೋಣವೆಂದು ರಾಯರು ಎಷ್ಟು ಕರೆದರೂ ಏಳಲಿಲ್ಲ.

ಶೋಭಾ ಹೊಸದಾಗಿ ಮಾಡಿಕೊಟ್ಟ ಶರಬತ್ತು ಮತ್ತೆ ಕಲ್ಯಾಣಪ್ಪನ ತುಟಿಯ ಬಳಿ ಬಂತು. ಅವನ ಕಣ್ಣು ಮತ್ತೆ ಸೂಗಮ್ಮನ ಕಡೆ ಹೋಯಿತು. ಆಗ ಪಿಂಕಿ ಜನರನ್ನು ಸರಿಸಿಕೊಂಡು ಬಂದು ಅವನ ಕಿವಿಯಲ್ಲಿ ಹೇಳಿದಳು.

"ಪಪ್ಪಾ, ಕುಡಿ. ಇದು ಅಲ್ಲೀದಾ. ನಮ್ಮ ಹೋಟೆಲ್ ಪಾಠದಾಗ ಐತಿ. ನಿಂಬಿಹಣ್ಣು ಹಿಂಡಿ, ನೀರು ಸಕ್ಕರಿ ಹಾಕಿ ಕೊಡ್ತಾರ. ಸಿತ್ರೋಂ ಪ್ರೆಸ್ಸೆ ಅಂತಾರ."

ಕಲ್ಯಾಣಪ್ಪ ಸಿತ್ರೋಂ ಪ್ರೆಸ್ಸೆಯನ್ನು ಒಂದೇ ಗುಟುಕಿಗೆ ಕುಡಿದ. ಫೋಟೋದವನಿಗೆ ಫೋಟೋ ಸಿಗಲಿಲ್ಲ. ಖಾಲಿ ಗ್ಲಾಸನ್ನು ತುಟಿಗೆ ಹಿಡಿದು ಇನ್ನೊಂದು ಸಲ ಕುಡಿದಂತೆ ಮಾಡಬೇಕಾಯಿತು.

ಗುಂಪು ಕರಗಿತು. ಬೇವಿನ ಮರದ ಕೆಳಗೆ ಉಳಿದವರು ಕಲ್ಯಾಣಪ್ಪ, ಸೂಗಮ್ಮ, ಪಿಂಕಿ. ಸೋಮವಾರ ಬೆಳಗಾಗುವುದಕ್ಕೆ ಇನ್ನೂ ಹೊತ್ತಿತ್ತು. ಸೂಗಮ್ಮ ಮೊದಲ ಸಲ ಡೇರೆಯೊಳಗೆ ಬಂದು, ಲೋಡಿಗೆ ಒರಗಿ, ಕಾಲು ಚಾಚಿದಳು. ಗುಡ್ಡ ಇಲ್ಲದ್ದರಿಂದ ಗಾಳಿ ಆರಪಾರ ಬೀಸುತ್ತಿತ್ತು.

"ಆ ಬೂಷ್ಟು ಉಳದೈತೇನ್ರಿ?" ಎಂದು ಕೇಳಿದಳು.

ಕಲ್ಯಾಣಪ್ಪ ಅನುಮಾನದಿಂದ ಕಾಗದ ಬಿಚ್ಚಿಕೊಟ್ಟ. ಅವಳು ಮನೆಯಿಂದ ತಂದಿದ್ದ ಗದಿಗೆಮ್ಮನ ರೊಟ್ಟಿಯ ಚೂರಿಗೆ ಅದನ್ನು ಒಂದಿಷ್ಟು ಸವರಿ, ಬಾಯಿಗೆ ಹಾಕಿ, ಬಹಳ ಹೊತ್ತು ಜಗಿದಳು. ತಂದೆ ಮಗಳು ಉಸಿರು ಹಿಡಿದು ನೋಡಿದರು.

"ಮ್ಯಾಲ ಒಂದೀಟು ಗುರೆಳ್ಳು ಹಿಂಡಿ ಉದುರಿಸಿದ್ರ ನಡೀತೈತಿ," ಎಂದಳು.

ಒಂದಿಡೀ ದೇಶಕ್ಕೆ ಗೊತ್ತಿದ್ದು ತನಗೆ ತಿಳಿಯದೆ ಹೋದದ್ದು ಇವಳಿಗೆ ಒಂದೇ ತುತ್ತಿನಲ್ಲಿ ಹೇಗೆ ತಿಳಿಯಿತೆಂದು ಕಲ್ಯಾಣಪ್ಪನಿಗೆ ಸೋಜಿಗವಾಯಿತು. ಕೇಳುವ ಮೊದಲು ಅವಳು ತಿರುಗಿ ಕೂತಳು.

"ಪಿಂಕಿ, ಅಲ್ಲೀ ನಿಂಬಿ ಶರಬತ್ತಿನಾಗ ಉಪ್ಪು ಹಾಕ್ತಾರೇನು?"

ಪಿಂಕಿ ತಡವರಿಸಿದಳು. "ಪಾಠದಾಗ... ಸಕ್ಕರಿ ಅಷ್ಟ ಐತಿ."

"ಇದರಾಗ ಉಪ್ಪಿತ್ತು. ಮಾಡಿಕೊಟ್ಟಾಕಿ ಶೋಭಾ. ಆಕೀನ್ನ ಕೇಳೀನಿ." ಸೂಗಮ್ಮ ಗಂಡನ ಕಡೆ ನೋಡಿದಳು. "ಸೋತ್ರಿ."

ಕಲ್ಯಾಣಪ್ಪನ ಕಣ್ಣ ಮುಂದೆ ಉಪ್ಪಿಟ್ಟಿನ ಬಸ್ಸು ಬಂದು ನಿಂತಿತು. ಪುಣೆಯ ಗೈಡು ಬಾಗಿಲು ತೆರೆದು ಕೈಬೀಸಿದ. ಅವನು ಶಾಲು ತೆಗೆದು ಮಡಚತೊಡಗಿದ.

"ಮಡಚಬ್ಯಾಡ್ರಿ," ಎಂದಳು ಸೂಗಮ್ಮ. "ಡೇರೆ ತಗೊಂಡಾ ಹೋಗೂಣು. ಫ್ರಾನ್ಸಿಗೂ, ಆ ಇನ್ನೊಂದಕ್ಕೂ."

"ಸೋತೀನಿ ಅಂದಿ?"

"ನೀವು ಸೋತ್ರಿ. ನಾ ಎಲ್ಲಿ ಸೋತೆ?" ಅವಳು ಲೋಡನ್ನು ಇನ್ನಷ್ಟು ಬೆನ್ನಿಗೆ ಎಳೆದುಕೊಂಡಳು. "ಎರಡು ದಿನಾ ಒಲಿ ಹಚ್ಚಿಲ್ಲ. ಒಬ್ಬಾಕಿ ಪುಳಿಹೊರ ತಂದ್ಲು, ಒಬ್ಬಾಕಿ ಖುಬಾನಿ ತಂದ್ಲು, ತಿಂದು ಬಟ್ಟಲಾನೂ ತೊಳದಿಲ್ಲ. ಡೇರೆ ಇಷ್ಟು ಛಲೋ ಇರ್ತೈತಿ ಅಂತ ನನಗ ಮೊದಲಾ ಯಾಕ ಹೇಳಲಿಲ್ಲ? ಅಲ್ಲೂ ಹಿಂಗಾ ಮಾಡೂಣು. ನೀವು ಡೇರೆ ಹೊಡದು ಉಪವಾಸ ಕೂಡ್ರಿ. ನನಗ ಊಟಾ ಆ ಊರವರಾ ತರ್ತಾರ."

ಕಲ್ಯಾಣಪ್ಪ ಲೋಡಿನ ಹಿಂದಿನಿಂದ ಆಲಿವ್ ಸೀಸೆ ತೆಗೆದು ಒಂದು ಕಾಯಿ ಬಾಯಿಗೆ ಹಾಕಿಕೊಂಡ. ಈ ಸಲ ಅಷ್ಟೇನೂ ಕೆಟ್ಟದೆನಿಸಲಿಲ್ಲ.

"ಅಲ್ಲಿ ಎದರ ಸಲುವಾಗಿ ಕೂಡ್ಲಿ?" ಎಂದು ಕೇಳಿದ.

"ಅದನ್ನ ನೋಡಾಕಾ ಹೋಗೂದಲ್ಲೇನ್ರಿ," ಎಂದಳು ಸೂಗಮ್ಮ.